ಒಂದೇ ರೇಷ್ಮೆ ಬೆಳೆ, ಎರಡು ಬಗೆಯ ಬರವಣಿಗೆ

ನಡೆದದ್ದನ್ನು ಹೇಳುವ ಬರವಣಿಗೆ, ಅಂದರೆ ಕಥನ, ಬೇರೆ. ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಸುವ ಬರವಣಿಗೆ, ಅಂದರೆ ವಿವರಣೆ, ಬೇರೆ. ಶಾಲೆಯಲ್ಲಿ ನಾವು ಎರಡನ್ನೂ ಪ್ರಬಂಧ ಅಂತಲೇ ಕರೆಯುತ್ತೇವೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಭಾಗ ಮಾಡಿಸಿ ಮುಗಿಸುತ್ತೇವೆ. ಮಕ್ಕಳಿಗೆ ಬರೆಯೋಕೆ ಬರುವುದಿಲ್ಲ ಎಂದು ಬೇಸರ ಪಡುವ ಮೊದಲು ಈ ಎರಡನ್ನೂ ಬಿಡಿಸಿ ತೋರಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಾನು ಶಿಡ್ಲಘಟ್ಟದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳಕ್ಕೆ ಹಾಕಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜು ನೋಡಿದವರಿದ್ದಾರೆ. ಅಂಥ ಮಗುವಿಗೆ ‘ರೇಷ್ಮೆ ಕೃಷಿ’ ಅಂತ ಪ್ರಬಂಧ ಕೊಟ್ಟರೆ ‘ಭಾರತವು ಕೃಷಿ ಪ್ರಧಾನ ದೇಶ’ ಎಂದು ಶುರು ಮಾಡುತ್ತದೆ. ತನಗೆ ಗೊತ್ತಿರುವುದೆಲ್ಲ ಬರೆಯೋಕೆ ಯೋಗ್ಯವಲ್ಲ ಎಂದು ಅದಕ್ಕೆ ಯಾರೋ ಹೇಳಿಕೊಟ್ಟಂತಿರುತ್ತದೆ. ಹಾಗಾಗಿ ರೇಷ್ಮೆಯನ್ನೇ ಹಿಡಿದೆ. ಅದೇ ವಿಷಯದ ಮೇಲೆ ಎರಡು ಬರಹ ಬರೆಸುವುದು ಅಂತ ತೀರ್ಮಾನ ಮಾಡಿದೆ.

ಮೊದಲು ವಿವರಣೆ. ತರಗತಿಯಲ್ಲಿ ಗಾರೆ ಕೆಲಸದವರ, ಆಟೋ ಓಡಿಸುವವರ ಮಕ್ಕಳೂ ಇದ್ದಾರೆ. ಅವರ ಮನೆಯಲ್ಲಿ ಹುಳ ಇಲ್ಲ. ಹುಳ ಸಾಕುವ ಮನೆಯ ಒಂದು ಮಗು, ಸಾಕದ ಮನೆಯ ಒಂದು ಮಗು ಹೀಗೆ ಜೋಡಿ ಮಾಡಿದೆ. ‘ನಾಳೆ ಇವನು ನಿಮ್ಮ ಮನೆಯ ಹುಳ ನೋಡಿಕೊಳ್ಳಬೇಕು, ನೀನು ಊರಲ್ಲಿ ಇರಲ್ಲ, ಏನು ಮಾಡಬೇಕು ಅಂತ ಬರೆದುಕೊಡು’ ಎಂದೆ. ಓದುವವನು ಎದುರಿಗೇ ಕೂತಿದ್ದರೆ ಬರಹದ ಬಣ್ಣವೇ ಬದಲಾಗುತ್ತದೆ. ಕೃಷಿ ಪ್ರಧಾನ ದೇಶ ಅಲ್ಲಿ ಯಾರಿಗೂ ಬೇಕಿಲ್ಲ ಅಲ್ವಾ?

ಒಬ್ಬ ಹುಡುಗ ‘ಹುಳ ಜ್ವರಕ್ಕೆ ಕೂತಾಗ ಸುಣ್ಣ ಹಾಕಬೇಕು, ಸೊಪ್ಪು ಹಾಕಬಾರದು’ ಎಂದು ಬರೆದ. ಅವನ ಪಾಲಿಗೆ ಅಷ್ಟೇ ಸಾಕು. ಜೊತೆಗಿದ್ದವಳು ಕೇಳಿದಳು: ‘ಜ್ವರಕ್ಕೆ ಕೂತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಸುಣ್ಣ ಯಾಕೆ?’ ಅವನು ಯೋಚನೆ ಮಾಡಿ ಮಾಡಿ ಮತ್ತೆ ಬರೆದ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೇ ಜ್ವರ ಅನ್ನುವುದು. ಆಗ ಅದು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಹುಳ ಮಲಗಿರುವ ಸೊಪ್ಪಿನ ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾರೆ. ಒದ್ದೆ ಇದ್ದರೆ ರೋಗ ಬರುತ್ತದೆ. ಎಲ್ಲ ಹುಳ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಮೊದಲು ಎದ್ದವಕ್ಕೆ ಆಗಲೇ ಹಾಕಿದರೆ ಕೆಲವು ದೊಡ್ಡದು, ಕೆಲವು ಸಣ್ಣದು ಆಗಿಬಿಡುತ್ತವೆ, ಆಮೇಲೆ ಒಟ್ಟಿಗೆ ಹಣ್ಣಾಗುವುದಿಲ್ಲ, ಅಂದರೆ ಗೂಡು ಕಟ್ಟಲು ಒಟ್ಟಿಗೆ ಸಿದ್ಧವಾಗುವುದಿಲ್ಲ. ಈ ಕೊನೆಯ ಮಾತು ಅವನ ಅಜ್ಜಿಯನ್ನು ಕೇಳಿ ತಂದದ್ದು. ‘ಯಾಕೆ’ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಎರಡು ವಾಕ್ಯ ಒಂದು ಪ್ಯಾರಾ ಆಯಿತು. ನಾನು ಬೋರ್ಡಿನ ಮೇಲೆ ಬರೆದು ಕಲಿಸಿದ್ದರೆ ಇಷ್ಟು ಬರುತ್ತಿರಲಿಲ್ಲ.

ಬರಹದಲ್ಲಿ ಯಾವುದಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಲೆಕ್ಕವೂ ಆಗಲೇ ಬಂತು. ಮೊಟ್ಟೆ ಒಡೆದು ಗೂಡು ಕಟ್ಟಲು ಶುರು ಮಾಡುವವರೆಗೆ ಹೆಚ್ಚುಕಮ್ಮಿ 25 ದಿನ. ಮಕ್ಕಳು ಪ್ರತಿ ದಿನಕ್ಕೂ ಒಂದೇ ಸಮ ಸಾಲು ಕೊಟ್ಟಿದ್ದರು. ಸೊಪ್ಪು ತುಂಬ ಜಾಸ್ತಿ ಬೇಕಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೇ ದಿನಗಳಲ್ಲಿ. ಕೆಲಸ ಜಾಸ್ತಿ ಇರುವ ಕಡೆ ಬರಹವೂ ಜಾಸ್ತಿ ನಿಲ್ಲಲಿ ಎಂದೆ. ಚಾಕಿ ಹುಳವನ್ನು, ಅಂದರೆ ಎಳೆಯ ಹುಳವನ್ನು, ಹೊರಗಿಂದ ತರುವ ಮನೆಯಾದರೆ ಮೊದಲ ದಿನಗಳ ಬಗ್ಗೆ ಒಂದು ಸಾಲು ಸಾಕು.

ಆಮೇಲೆ ಕಥನ. ಅದೇ ನೋಟ್‌ಬುಕ್ಕು, ಅದೇ ರೇಷ್ಮೆ. ಈ ಸಲ ಹೇಳಿದ್ದು ಬೇರೆ: ಇಡೀ ಬೆಳೆ ಬೇಡ, ಒಂದೇ ಒಂದು ರಾತ್ರಿ ಅಥವಾ ಒಂದು ಬೆಳಗ್ಗೆ ಆರಿಸಿಕೊಳ್ಳಿ. ಆವತ್ತು ಏನೋ ಆಗಬೇಕು, ಆದ ಮೇಲೆ ಮನೆ ಮೊದಲಿನಂತೆ ಇರಬಾರದು.

ಒಬ್ಬಳು ಹುಳ ಹಣ್ಣಾದ ರಾತ್ರಿಯನ್ನು ಆರಿಸಿಕೊಂಡಳು. ಬಾಡಿಗೆ ಚಂದ್ರಿಕೆ (ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ) ನಾಳೆ ಬರುತ್ತವೆ ಅಂತ ನಂಬಿ ಕೂತಿದ್ದಾರೆ, ಹುಳ ಇವತ್ತೇ ಹಣ್ಣಾಗಿವೆ. ಬಿಟ್ಟರೆ ಸೊಪ್ಪಿನ ಕಡ್ಡಿಗಳ ನಡುವೆಯೇ ಗೂಡು ಕಟ್ಟಿಬಿಡುತ್ತವೆ, ಅಂಥ ಗೂಡಿಗೆ ರೇಟು ಬರಲ್ಲ. ಅವಳ ಮೊದಲ ಬರಹ ಮೊಟ್ಟೆ ತಂದ ದಿನದಿಂದ ಶುರುವಾಗಿ, ಈ ರಾತ್ರಿಗೆ ಬರುವಷ್ಟರಲ್ಲಿ ಪುಟ ಮುಗಿದು ‘ಕೊನೆಗೆ ಚಂದ್ರಿಕೆ ಸಿಕ್ಕಿತು’ ಎಂದು ನಿಂತಿತ್ತು. ‘ಅಪ್ಪ ಚಂದ್ರಿಕೆ ಹುಡುಕಲು ಹೊರಟಾಗ ಗಂಟೆ ಎಷ್ಟು? ಅಮ್ಮ ಏನಂದರು? ಯಾರ ಮನೆ ಬಾಗಿಲು ತಟ್ಟಿದರು?’ ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಎರಡನೇ ಸಲ ಅವಳು ನೇರವಾಗಿ ಅಪ್ಪ ಟಾರ್ಚ್ ಹಿಡಿದು ಚಪ್ಪಲಿ ಮೆಟ್ಟುವ ಕಡೆಯಿಂದ ಶುರು ಮಾಡಿದಳು. ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿರಲಿಲ್ಲ, ಚಂದ್ರಿಕೆ ಇದ್ದದ್ದು ದೊಡ್ಡಪ್ಪನ ಮನೆಯಲ್ಲೇ. ಮೊದಲ ಬರಹದಲ್ಲಿ ಈ ಸಂಗತಿಯೇ ಇರಲಿಲ್ಲ! ಓದಿ ನನಗೆ ಮಾತೇ ಹೊರಡಲಿಲ್ಲ.

ಅವಳ ಮನೆಯ ಮಾತು ತೆಲುಗು. ನಮ್ಮ ಜಿಲ್ಲೆಯಲ್ಲಿ ಇದು ಸಾಮಾನ್ಯ. ಅಮ್ಮ ಆಡಿದ ಮಾತನ್ನು ಅವಳು ತೆಲುಗಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದಿದ್ದಳು. ಹಾಗೇ ಇರಲಿ ಎಂದೆ. ಮಗುವಿಗೆ ನೆನಪು ಬರುವುದು ಮನೆಯ ಮಾತಿನಲ್ಲಿ. ಮೊದಲ ಬರಹದಲ್ಲೇ ಅದನ್ನು ತಡೆದರೆ ನೆನಪೇ ನಿಂತುಹೋಗುತ್ತದೆ. ಸುತ್ತಲಿನ ಕನ್ನಡ ಸರಿ ಮಾಡಲು ಆಮೇಲೆ ಬೇಕಾದಷ್ಟು ಸಮಯ ಇದೆ.

ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿದೆ. ಒಂದರಲ್ಲಿ ‘ಹಾಕುತ್ತಾರೆ, ಬಿಡುತ್ತದೆ, ಹಾಕಬೇಕು’. ಇನ್ನೊಂದರಲ್ಲಿ ‘ಹೊರಟರು, ತಟ್ಟಿದರು, ನಿಂತಳು’. ಕಾಲಗಳ ಪಾಠ ಆವತ್ತೇ ಮುಗಿಯಿತು. ‘ಸಾರ್, ಅದು ಯಾವಾಗಲೂ ಆಗೋದು, ಇದು ಆವತ್ತು ಮಾತ್ರ ಆಗಿದ್ದು’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ವ್ಯಾಕರಣ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ.

ವಿಶ್ವೇಶ್ವರಯ್ಯನವರ ಮೇಲಿನ ಪ್ರಬಂಧಕ್ಕೂ ಇದನ್ನೇ ಮಾಡಿದೆ. ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ ಆದ್ದರಿಂದ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಈ ಪ್ರಬಂಧ ತಪ್ಪಿದ್ದಲ್ಲ. ಮಕ್ಕಳು 1912ರಲ್ಲಿ ದಿವಾನರಾದರು, 1955ರಲ್ಲಿ ಭಾರತರತ್ನ ಬಂತು ಎಂದು ಇಸವಿ ಜೋಡಿಸುತ್ತಾರೆ. ಅದು ಕಥನವೂ ಅಲ್ಲ, ವಿವರಣೆಯೂ ಅಲ್ಲ. ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ಸ್ವಯಂಚಾಲಿತ ಗೇಟು ಹಾಕಿದರು. ಅದೊಂದನ್ನೇ ವಿವರಿಸಿ ಎಂದೆ. ನೀರು ಮಟ್ಟ ಮೀರಿದರೆ ತಾನೇ ತೆರೆದುಕೊಳ್ಳಬೇಕು, ಇಳಿದರೆ ತಾನೇ ಮುಚ್ಚಿಕೊಳ್ಳಬೇಕು. ಇದರಿಂದ ಏನು ಲಾಭ? ಬೋರ್‌ವೆಲ್ ಬತ್ತುವುದನ್ನು ಕಂಡ ಮಕ್ಕಳು, ನೀರು ಹಿಡಿದಿಡುವ ಕೆಲಸದ ಬೆಲೆಯನ್ನು ಬಹಳ ಚೆನ್ನಾಗಿ ಬರೆದರು.

ತಿದ್ದುವ ಬಗ್ಗೆ ಒಂದು ಮಾತು. ಮೊದಲ ಓದಿನಲ್ಲಿ ಕಾಗುಣಿತ ಮುಟ್ಟುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತೇನೆ. ಅಕಾರ ಹಕಾರ, ಒತ್ತಕ್ಷರ ಎಲ್ಲ ಕೊನೆಯ ಓದಿಗೆ. ಕೆಂಪು ಗುರುತು ತುಂಬಿದ ಪುಟವನ್ನು ಯಾವ ಮಗುವೂ ಇನ್ನೊಮ್ಮೆ ಪ್ರೀತಿಯಿಂದ ಬರೆಯುವುದಿಲ್ಲ.

ಪರೀಕ್ಷೆಗೆ ಇದೆಲ್ಲ ಯಾಕೆ ಎಂದು ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ ಪತ್ರಿಕೆಯಲ್ಲಿ ಪ್ರಬಂಧಕ್ಕೆ ಇರುವುದು 5 ಅಂಕ, ಪೀಠಿಕೆ ಉಪಸಂಹಾರ ಇಲ್ಲದಿದ್ದರೆ ಅದರಲ್ಲೂ ಕಡಿಮೆಯಾಗುತ್ತದೆ. ಹಾಗಾಗಿ ಹತ್ತನೇ ತರಗತಿಯವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೇನೆ. ಮೇಲೆ ನಾಲ್ಕು ಸಾಲು ಜಾಗ ಬಿಟ್ಟು ನೇರವಾಗಿ ವಿಷಯಕ್ಕೆ ಇಳಿಯಿರಿ, ಎಲ್ಲ ಬರೆದಾದ ಮೇಲೆ ಬಂದು ಪೀಠಿಕೆ ತುಂಬಿ. ಏನು ಬರೆದಿದ್ದೇವೆ ಎಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ಪೀಠಿಕೆಗೆ ಸುಮ್ನೆ ಊರೆಲ್ಲ ಸುತ್ತಬೇಕಾಗುವುದಿಲ್ಲ. ಎಂಟನೇ ತರಗತಿಯವರಿಗೆ ಈ ಚಳಿಗಾಲದಲ್ಲಿ ಹಿತಕಿದ ಬೇಳೆ ಸಾರಿನಿಂದ ಶುರು ಮಾಡಿಸುತ್ತೇನೆ. ಅವರೆಕಾಯಿ ಸುಲಿದು, ಕಾಳು ನೆನೆಸಿ, ಹಿತಕುವವರೆಗಿನ ವಿವರಣೆ ಮೊದಲು. ಮನೆಮಂದಿ ಎಲ್ಲ ಸುತ್ತ ಕೂತು ಹಿತಕುವಾಗ ಆಡಿದ ಮಾತು ಎರಡನೇ ಬರಹಕ್ಕೆ.