ಬಣ್ಣ ನಂಬಿ ಮೋಸಹೋದೆ: ಕಲ್ಲು ಗುರುತಿಸೋದು ಕಲಿತ ನನ್ನ ಅನುಭವ

ಮೊದಮೊದಲು ನಾನು ಕಲ್ಲನ್ನು ಬಣ್ಣ ನೋಡಿಯೇ ಗುರುತಿಸುತ್ತಿದ್ದೆ. ಬಿಳಿ ಇದ್ದರೆ ಅಮೃತಶಿಲೆ, ಕಪ್ಪಾಗಿದ್ದರೆ ಬಸಾಲ್ಟ್, ಮುಗೀತು. ಹಾಗೆ ಅಮೃತಶಿಲೆ ಅಂತ ಚೀಟಿ ಅಂಟಿಸಿಟ್ಟಿದ್ದ ಒಂದು ಕಲ್ಲನ್ನು ಒಂದು ದಿನ ಸುಮ್ನೆ ಗಾಜಿನ ಬಾಟಲಿಗೆ ಉಜ್ಜಿದೆ. ಗಾಜಿನ ಮೇಲೆ ಆಳವಾದ ಗೀರು ಬಿತ್ತು. ಅಮೃತಶಿಲೆ ಅಷ್ಟು ಗಟ್ಟಿ ಇರೋದಿಲ್ಲ ಅಲ್ವಾ? ನೋಡಿದರೆ ಅದು ಬೆಣಚುಕಲ್ಲು.

ಅವತ್ತಿನಿಂದ ಮೊದಲು ಗೀರಿ ನೋಡುತ್ತೇನೆ. 1812ರಲ್ಲಿ ಮೋಸ್ ಎಂಬಾತ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆ ಮಾಡಿಟ್ಟ. ಅದರಲ್ಲಿ ನಮ್ಮ ಉಗುರು ಸುಮಾರು 2.5, ಚಾಕು ಮತ್ತು ಗಾಜು ಹೆಚ್ಚುಕಡಿಮೆ 5.5. ಅಮೃತಶಿಲೆಯಲ್ಲಿರುವ ಕ್ಯಾಲ್ಸೈಟ್ 3, ಬೆಣಚು 7. ಅಂದರೆ ಚಾಕು ಅಮೃತಶಿಲೆಯನ್ನು ಗೀರುತ್ತದೆ, ಬೆಣಚನ್ನು ಗೀರೋದಿಲ್ಲ. ಇಲ್ಲೂ ಒಮ್ಮೆ ಎಡವಿದೆ. ಬೆಣಚಿನ ಮೇಲೆ ಬೂದು ಗೆರೆ ಕಂಡಿತು, ಗೀರು ಅಂದುಕೊಂಡೆ, ಆದರೆ ಅದು ಕಲ್ಲಿಗೆ ಸವೆದು ಅಂಟಿದ ಚಾಕುವಿನ ಲೋಹ! ಈಗ ಗೆರೆಯ ಮೇಲೆ ಉಗುರು ಆಡಿಸಿ ಹಳ್ಳ ತಾಗುತ್ತದಾ ಅಂತ ನೋಡುತ್ತೇನೆ.

ವಿನೆಗರ್ ಪರೀಕ್ಷೆ ಇನ್ನೂ ಜಾಸ್ತಿ ಆಟ ಆಡಿಸಿತು. ಸುಣ್ಣದಕಲ್ಲಿನ ಮೇಲೆ ಹನಿ ಹಾಕಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳಬೇಕು. ಒಂದು ಕಲ್ಲಿನಲ್ಲಿ ಗುಳ್ಳೆ ಬಂತು, ಖುಷಿಯಾಗಿ ಬರೆದಿಟ್ಟೆ. ಅನುಮಾನ ಬಂದು ಒಣಗಿಸಿ ಬರೀ ನೀರು ಹಾಕಿದರೆ ಅದಕ್ಕೂ ಗುಳ್ಳೆ! ಅದು ಮರಳುಗಲ್ಲು, ಸಂದುಗಳಲ್ಲಿದ್ದ ಗಾಳಿ ಹೊರಗೆ ಬರ್ತಿತ್ತು ಅಷ್ಟೇ. ಅದಕ್ಕೇ ಈಗ ಮೊದಲು ನೀರು, ಆಮೇಲೆ ವಿನೆಗರ್. ವಿನೆಗರ್ ಬಲ ಕಮ್ಮಿ, ಹಾಗಾಗಿ ಕಲ್ಲನ್ನು ಸ್ವಲ್ಪ ಕೆರೆದು ಆ ಪುಡಿಯ ಮೇಲೆ ಹಾಕಿ ಭೂತಗನ್ನಡಿಯಲ್ಲಿ ನೋಡುತ್ತೇನೆ.

ಗ್ರಾನೈಟ್, ಬಸಾಲ್ಟ್ ವಿಷಯದಲ್ಲಿ ಇಷ್ಟು ಕಷ್ಟ ಆಗಲಿಲ್ಲ, ಹರಳಿನ ಗಾತ್ರ ನೋಡಿದರೆ ಸಾಮಾನ್ಯವಾಗಿ ಸಾಕು. ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ತಣ್ಣಗಾಗಿದ್ದು, ಅದರ ಹರಳು ಬರಿಗಣ್ಣಿಗೇ ಕಾಣುತ್ತದೆ. ಬಸಾಲ್ಟ್ ಲಾವಾ ಹೊರಗೆ ಹರಿದು ಬೇಗ ಆರಿದ್ದು, ಅದರ ಹರಳು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ.

ಹಾಂ, ಇದೆಲ್ಲ ಹೊಸದಾಗಿ ಒಡೆದ ಮುಖದ ಮೇಲೇ ಮಾಡಬೇಕು. ಮಳೆ ಬಿಸಿಲಿಗೆ ಸಿಕ್ಕ ಹೊರಪದರ ಬಣ್ಣವನ್ನೂ ಬದಲಿಸಿಕೊಂಡಿರುತ್ತದೆ, ಮೆತ್ತಗೂ ಆಗಿರುತ್ತದೆ. ಒಡೆಯುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ, ಚೂರು ಎಲ್ಲಿಗೆ ಹಾರುತ್ತೆ ಅಂತ ಹೇಳೋಕಾಗಲ್ಲ.