ಜೂನ್ ಮುಗಿದ ಮೇಲೆ ನೆಲ ಹಿಡಿಯುವ ಜೆರೇನಿಯಂ

ನಾವಿರುವುದು ಇಂಗ್ಲೆಂಡಿನಲ್ಲಿ. ಹಿತ್ತಲಲ್ಲಿ ವರ್ಷವರ್ಷ ತಾನೇ ಚಿಗುರುವ ಜೆರೇನಿಯಂ ಇದೆ, ಮ್ಯಾಗ್ನಿಫಿಕಂ ಜಾತಿ. ಬೆಂಗಳೂರಲ್ಲಿ ಕುಂಡದಲ್ಲಿ ಬೆಳೆಸ್ತೇವಲ್ಲ, ಅದು ಪೆಲಾರ್ಗೋನಿಯಂ. ನೀರು ಹೆಪ್ಪುಗಟ್ಟುವ ಚಳಿಗೆ ಅದು ಸಾಯುತ್ತದೆ, ಇದು ಸಾಯಲ್ಲ.

ತೊಂದರೆ ಶುರುವಾಗಿದ್ದು ಹೂ ಮುಗಿದ ಮೇಲೆ. ಕಾಂಡಗಳೆಲ್ಲ ಸುತ್ತಲೂ ಬಿದ್ದು ನಡುವೆ ಬೋಳು. ಜೊತೆಗೆ ಬೂದಿ ರೋಗ. ಎಲೆ ಒರೆಸಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತಿತ್ತು.

ಔಷಧಿ ಹೊಡೆಯಲಿಲ್ಲ. ಇಡೀ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿಬಿಟ್ಟೆ. ಬುಡದಲ್ಲಿ ಪುಟ್ಟ ಚಿಗುರುಗಳು ಆಗಲೇ ಇಣುಕುತ್ತಿದ್ದವು, ಅವನ್ನು ಮುಟ್ಟಲಿಲ್ಲ. ಮಣ್ಣು ಒಣಗಿದಷ್ಟೂ ಬೂದಿ ರೋಗ ಜಾಸ್ತಿ. ಹಾಗಾಗಿ ಬುಡಕ್ಕೆ ಒಂದು ಬಕೆಟ್ ನೀರು ಹುಯ್ದು, ಮೇಲೆ ಕಾಂಪೋಸ್ಟ್ ಹರಡಿದೆ. ಕೆಲವೇ ವಾರಗಳಲ್ಲಿ ದುಂಡಗೆ, ಹಸಿರಾಗಿ ಎದ್ದು ನಿಂತಿತು. ಮತ್ತೆ ಹೂ ಬರಲಿಲ್ಲ, ಈ ಜಾತಿ ಹೂ ಬಿಡುವುದೇ ವರ್ಷಕ್ಕೊಮ್ಮೆ. ಎಲೆ ಚೆನ್ನಾಗಿದ್ದರೆ ನನಗೆ ಸಾಕು.

ರೋಝಾನ್ ಅನ್ನೋ ಜೆರೇನಿಯಂ ತಳಿಗೆ ಮಾತ್ರ ಇಷ್ಟು ಕತ್ತರಿ ಬೇಡ. ಅದು ಬೀಜ ಕಟ್ಟಲ್ಲ, ಚಳಿ ಹಿಡಿಯುವ ತನಕ ಸುಮ್ನೆ ಅರಳುತ್ತಲೇ ಇರುತ್ತದೆ. ಮ್ಯಾಗ್ನಿಫಿಕಂನ ನಡು ಬೋಳಾದ ಹಳೇ ಬುಡವನ್ನು ಮಾರ್ಚಿನಲ್ಲಿ ಅಗೆದು, ಹೊರಗಿನ ತುಂಡುಗಳನ್ನು ಬೇರೆ ಕಡೆ ನೆಟ್ಟೆ. ಎಲ್ಲವೂ ಹತ್ತಿದವು.