ಯಾರ್ಡಿನಲ್ಲಿ ಒಂದು ವರ್ಷ: ವಿದ್ಯುತ್ ಪ್ರಸರಣದ ಅಪ್ರೆಂಟಿಸ್ ಏನು ಕಲಿಯಬೇಕು, ಹೇಗೆ?

ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಸ್ಟೇಷನ್ನಿಗೆ ಅಪ್ರೆಂಟಿಸ್ ಆಗಿ ಹೋದವರು ಮೊದಲ ತಿಂಗಳಲ್ಲೇ ಬೇಸರ ಮಾಡಿಕೊಳ್ಳುವುದುಂಟು. ಕೈಗೆ ಸ್ಪ್ಯಾನರ್ ಕೊಡುವುದಿಲ್ಲ, ಪ್ಯಾನೆಲ್ ಮುಟ್ಟಲು ಬಿಡುವುದಿಲ್ಲ, ಗಂಟೆಗೊಮ್ಮೆ ರೀಡಿಂಗ್ ಬರೆಯಲು ಕೂರಿಸುತ್ತಾರೆ. ಆದರೂ ವರ್ಷ ದಂಡವಾಗದಂತೆ ನೋಡಿಕೊಳ್ಳಬಹುದು.

ಸೇರುವ ಮುನ್ನ

ಬಿಇ, ಡಿಪ್ಲೊಮಾ ಆದವರು ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ, ಐಟಿಐನವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. 1961ರ ಅಪ್ರೆಂಟಿಸ್ ಕಾಯ್ದೆಯ ಲೆಕ್ಕದಲ್ಲಿ ನೀವು ಕಲಿಯಲು ಬಂದವರು, ನೌಕರರಲ್ಲ. ‘ಒಂದು ವರ್ಷ ಆಗ್ಲಿ, ಪರ್ಮನೆಂಟ್ ಮಾಡಿಸ್ತೀನಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಕಾಸು ಬಿಚ್ಚಬೇಡಿ.

ನಕ್ಷೆ ಹಿಡಿದು ಯಾರ್ಡ್ ಸುತ್ತಿ

ಕಂಟ್ರೋಲ್ ರೂಮಿನಲ್ಲಿರುವ ಸಿಂಗಲ್ ಲೈನ್ ಡಯಾಗ್ರಾಂ ಅನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಆಮೇಲೆ ಆಪರೇಟರ್ ಜತೆ ಯಾರ್ಡಿಗೆ (ಉಪಕರಣಗಳಿರುವ ಬಯಲು) ಹೋಗಿ, ಲೈನ್ ಬಂದಿಳಿಯುವ ಗ್ಯಾಂಟ್ರಿಯಿಂದ (ಉಕ್ಕಿನ ಚೌಕಟ್ಟು) ಶುರುಮಾಡಿ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನಿಂದ ಕಾಪಾಡುವುದು), ಸಿಟಿ (ಕರೆಂಟು ಅಳೆಯಲು ಬಳಸುವ ಕರೆಂಟ್ ಟ್ರಾನ್ಸ್‌ಫಾರ್ಮರ್), ಬ್ರೇಕರ್ (ಲೋಡ್ ಇರುವಾಗಲೂ ಕರೆಂಟು ಕಡಿಯುವ ಸ್ವಿಚ್), ಐಸೊಲೇಟರ್ (ಬ್ರೇಕರ್ ಆಫ್ ಆದ ಮೇಲೆ ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಬ್ಲೇಡುಗಳ ಸ್ವಿಚ್), ಬಸ್ (ಎಲ್ಲ ಲೈನುಗಳು ಕೂಡುವ ತಂತಿ), ಟ್ರಾನ್ಸ್‌ಫಾರ್ಮರ್ ಎಂದು ಒಂದೊಂದನ್ನೂ ಗುರುತಿಸಿ. ಹೆಲ್ಮೆಟ್, ಶೂ ಇಲ್ಲದೆ ಗೇಟು ದಾಟಬೇಡಿ. ಕೈ ಎತ್ತಿ ತೋರಿಸುವ ಅಭ್ಯಾಸ ಬಿಡಿ. ಏಣಿಯನ್ನು ಇಬ್ಬರು ಸೇರಿ, ಮಲಗಿಸಿಯೇ ಒಯ್ಯಬೇಕು. ಈ ವೋಲ್ಟೇಜಿನಲ್ಲಿ ತಂತಿ ಮುಟ್ಟಬೇಕೆಂದೇನಿಲ್ಲ, ಹತ್ತಿರ ಹೋದರೂ ಹೊಡೆಯುತ್ತದೆ. ಕಾಲಡಿಯ ಜಲ್ಲಿಯೂ ಅಂದಕ್ಕೆ ಹಾಕಿದ್ದಲ್ಲ: ಫಾಲ್ಟ್ ಆದಾಗ ನೆಲದಲ್ಲಿ ಹರಿಯುವ ಕರೆಂಟು ಒಂದು ಪಾದದಿಂದ ಹತ್ತಿ ಇನ್ನೊಂದರಿಂದ ಇಳಿಯದಂತೆ ಅದು ತಡೆಯಾಗುತ್ತದೆ.

ತಂತಿಯನ್ನು ಟವರಿಗೆ ತಾಗದಂತೆ ಹಿಡಿದಿರುವ ಇನ್ಸುಲೇಟರ್ ಡಿಸ್ಕ್ ಎಣಿಸಿದರೆ ಲೈನಿನ ವೋಲ್ಟೇಜ್ ಅಂದಾಜಾಗುತ್ತದೆ. 66 ಕೆವಿಗೆ ಐದಾರು, 220ಕ್ಕೆ 13–14, 400ಕ್ಕೆ 23ರ ಆಸುಪಾಸು. ಹಳೇ ಮೈಸೂರು ಕಡೆ 66 ಕೆವಿ ಲೈನುಗಳು ಹೆಚ್ಚು. ಉತ್ತರ ಕರ್ನಾಟಕ, ಕರಾವಳಿಯಲ್ಲಿ ಆ ಜಾಗದಲ್ಲಿ 110 ಕೆವಿ. ತಂತಿಗಳ ಹೆಸರಂತೂ ಕಯೋಟಿ, ಪ್ಯಾಂಥರ್, ಜೀಬ್ರಾ, ಮೂಸ್; ಸ್ಟೋರ್ ರಿಜಿಸ್ಟರ್ ತೆರೆದರೆ ಮೃಗಾಲಯದ ಪಟ್ಟಿ ಓದಿದಂತಿರುತ್ತದೆ.

ರೀಡಿಂಗ್ ಬರೆಯುವಾಗ

ಹಿಂದಿನ ಗಂಟೆಯ ಅಂಕಿಯನ್ನೇ ಇಳಿಸುವ ಚಾಳಿ ಅಂಟಿಸಿಕೊಳ್ಳಬೇಡಿ. ಲೋಡ್ ಅಷ್ಟೇ ಇದ್ದು ಟ್ರಾನ್ಸ್‌ಫಾರ್ಮರ್ ಆಯಿಲ್ ಟೆಂಪರೇಚರ್ ಏರುತ್ತಿದ್ದರೆ ಕೂಲಿಂಗ್ ಫ್ಯಾನ್ ನಿಂತಿದೆಯೇ ನೋಡಬೇಕು. ಟ್ರಾನ್ಸ್‌ಫಾರ್ಮರ್ ಒಳಗೆಳೆದುಕೊಳ್ಳುವ ಗಾಳಿಯ ತೇವ ತೆಗೆಯುವ ಬ್ರೀದರ್‌ನ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಅದು ತೇವ ಹೀರಿ ಸಾಕಾಗಿದೆ ಎಂದರ್ಥ. ಹೀಗೆ ಅಂಕಿಯ ಪಕ್ಕದಲ್ಲಿ ಕಾರಣವನ್ನೂ ಬರೆದಿಡುವವರು ಬೇಗ ಕಲಿಯುತ್ತಾರೆ.

ಎಲ್‌ಸಿ: ಇದನ್ನು ಮಾತ್ರ ಬಿಡಬೇಡಿ

ವರ್ಷದಲ್ಲಿ ಒಂದೇ ವಿಷಯ ಸರಿಯಾಗಿ ಕಲಿಯಲು ಸಾಧ್ಯ ಎಂದಾದರೆ ನಾನು ಹೇಳುವುದು ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಲೈನ್ ಆಫ್ ಮಾಡಿಸಿಕೊಂಡು ಕೆಲಸ ಮಾಡಲು ಪಡೆಯುವ ಅನುಮತಿ. ಲೈನಿನ ಮೇಲೆ ಕೆಲಸ ಮಾಡುವವರು ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳುತ್ತಾರೆ. ಆಪರೇಟರ್ ಮೊದಲು ಬ್ರೇಕರ್ ಆಫ್ ಮಾಡುತ್ತಾರೆ, ನಂತರವೇ ಐಸೊಲೇಟರ್. ಈ ಕ್ರಮ ತಪ್ಪಿದರೆ ಲೋಡ್ ಇರುವಾಗಲೇ ಐಸೊಲೇಟರ್ ಬಿಚ್ಚಿದಂತಾಗಿ ಬ್ಲೇಡುಗಳ ನಡುವೆ ಬೆಂಕಿ ಏಳುತ್ತದೆ. ಆ ಬೆಂಕಿ ಆರಿಸುವ ಶಕ್ತಿ ಇರುವುದು ಬ್ರೇಕರ್‌ಗೆ ಮಾತ್ರ.

ಪ್ಯಾನೆಲ್ಲಿನಲ್ಲಿ ‘ಓಪನ್’ ಎಂದು ಕಂಡರೆ ಸಾಲದು. ಆಪರೇಟರ್ ಜತೆ ಯಾರ್ಡಿಗೆ ಹೋಗಿ ಮೂರೂ ಫೇಸಿನ ಬ್ಲೇಡು ಕಣ್ಣಾರೆ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿದ್ದರೂ ಒಂದು ಫೇಸ್ ಅರ್ಧಕ್ಕೇ ನಿಂತಿರುವುದುಂಟು. ಲೈನಿನ ಆ ಕಡೆಯ ಸ್ಟೇಷನ್ನಿನಲ್ಲೂ ಇಷ್ಟೂ ಆಗಿದೆ ಎಂದು ಖಾತ್ರಿಯಾದ ಮೇಲೆ ಅರ್ತ್ ಸ್ವಿಚ್ (ಲೈನನ್ನು ನೆಲಕ್ಕೆ ಜೋಡಿಸುವುದು), ಬೀಗ, ‘ಜನ ಕೆಲಸ ಮಾಡುತ್ತಿದ್ದಾರೆ’ ಬೋರ್ಡು. ಎಲ್‌ಸಿ ನಂಬರು, ಸಮಯ, ತೆಗೆದುಕೊಂಡವರ ಹೆಸರು ರಿಜಿಸ್ಟರಿಗೆ ಏರಬೇಕು.

ಇಷ್ಟಾದರೂ ಕೆಲಸದ ಜಾಗದಲ್ಲಿ ಅರ್ತ್ ರಾಡ್ (ತಂತಿಯನ್ನು ನೆಲಕ್ಕೆ ಜೋಡಿಸುವ ಕೋಲು) ಹಾಕದೆ ಯಾರೂ ತಂತಿ ಮುಟ್ಟುವಂತಿಲ್ಲ. ಪಕ್ಕದಲ್ಲಿ ಚಾಲೂ ಇರುವ ಲೈನಿನಿಂದ ಆಫ್ ಆದ ತಂತಿಗೂ ಇಂಡಕ್ಷನ್ (ಮುಟ್ಟದೆಯೇ ಹರಡುವ ವೋಲ್ಟೇಜ್) ಬರುತ್ತದೆ. ರಾಡಿನ ನೆಲದ ತುದಿಯನ್ನು ಮೊದಲು ಬಿಗಿದು ಆಮೇಲೆ ತಂತಿಗೆ ಸಿಕ್ಕಿಸಬೇಕು. ತೆಗೆಯುವಾಗ ತಂತಿಯ ತುದಿ ಮೊದಲು.

ಎಲ್‌ಸಿ ತೆಗೆದುಕೊಂಡವರೇ ವಾಪಸ್ ಕೊಡಬೇಕು. ‘ಕೆಲಸ ಮುಗೀತಂತೆ ಸಾರ್, ಚಾರ್ಜ್ ಮಾಡಿ’ ಎಂದು ಮತ್ತೊಬ್ಬರು ಫೋನ್ ಮಾಡಿದರೆ ಒಳ್ಳೆಯ ಆಪರೇಟರ್ ಜಗ್ಗುವುದಿಲ್ಲ. ಅಂಥವರ ಪಕ್ಕದಲ್ಲಿ ಕೂತು ಕಲಿಯಿರಿ. ವಾಪಸ್ ಬಂದ ಮೇಲೆ ಕ್ರಮ ತಿರುಗುಮುರುಗು: ಅರ್ತ್ ಸ್ವಿಚ್ ಬಿಚ್ಚಿ, ಐಸೊಲೇಟರ್ ಹಾಕಿ, ಕೊನೆಗೆ ಬ್ರೇಕರ್.

ಲೈನ್ ಗ್ಯಾಂಗಿನ ಜತೆ

ಪ್ಯಾಟ್ರೋಲಿಂಗಿಗೆ (ಲೈನಿನುದ್ದಕ್ಕೂ ನಡೆದು ನೋಡುವುದು) ಕರೆದರೆ ತಪ್ಪಿಸಿಕೊಳ್ಳಬೇಡಿ. ಬೆಳಗ್ಗೆಯೇ ಹೊರಡಿ, ನೀರು ಒಯ್ಯಿರಿ. ಒಡೆದ ಡಿಸ್ಕ್, ತಂತಿಯತ್ತ ಬೆಳೆದ ನೀಲಗಿರಿ, ಕಳ್ಳರು ಬಿಚ್ಚಿಕೊಂಡು ಹೋದ ಟವರ್ ಆ್ಯಂಗಲ್ (ಟವರಿನ ಕಬ್ಬಿಣದ ಪಟ್ಟಿ), ಎಲ್ಲವನ್ನೂ ಟವರ್ ನಂಬರ್ ಸಮೇತ ಬರೆದುಕೊಳ್ಳಿ.

ಕೊನೆಯ ತಿಂಗಳಲ್ಲಿ ಹಾಜರಿ, ತರಬೇತಿ ದಾಖಲೆಗಳಿಗೆ ಸಹಿ ಬಿದ್ದಿದೆಯೇ ನೋಡಿಕೊಳ್ಳಿ. ಡಿಪ್ಲೊಮಾದವರ ಪ್ರಮಾಣಪತ್ರ ಬರುವುದು ಚೆನ್ನೈನ ಅಪ್ರೆಂಟಿಸ್ ತರಬೇತಿ ಮಂಡಳಿಯ ಮೂಲಕ. ಕಿರಿಯ ಪವರ್‌ಮ್ಯಾನ್ ಹುದ್ದೆಯ ಮೇಲೆ ಕಣ್ಣಿಟ್ಟವರು ಕಂಬ ಹತ್ತುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ: 2024ರ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆಯಲ್ಲಿ 8 ಮೀಟರ್ ಕಂಬ ಹತ್ತುವುದು ಕಡ್ಡಾಯವಾಗಿತ್ತು.